ಹಳಿಯಡಿಯ ದೇವದಾರು

ಬಳ್ಳಾರಿ
೧೨-೧-೨೦೨೫, ಭಾನುವಾರ

ಪ್ರೀತಿಯ ಅವ್ವನಿಗೆ, ಶಾಂಭವಿಯ ನಮಸ್ಕಾರ.

ಯೋಗಕ್ಷೇಮ ಆಮೇಲೆ. ಮೊದಲು ಎದ್ದು ಹೋಗಿ, ತಂಗಿ ಸೌಂದರ್ಯಳ ಕೂಸಿಗೆ ಹೊಗೆ ಹಾಕುವ ಕೆಂಡಕ್ಕೆ ನೀರು ಸುರಿದು ಬಾ. ಬಂದ ಮೇಲೆ ಮುಂದೆ ಓದು.

ನಿನ್ನೆ ಫೋನಿನಲ್ಲಿ ನಾನು ಬಾಯಿ ತೆರೆಯುವಷ್ಟರಲ್ಲಿ, ನಾಕು ಅಕ್ಷರ ಕಲ್ತು ನನಗ ಬಾಣಂತನ ಹೇಳಿಕೊಡಾಕ ಬಂದಿಯೇನು ಅಂತ ನೀನು ಸಿಟ್ಟಾಗಿ ಫೋನು ಇಟ್ಟುಬಿಟ್ಟೆ. ತಂಗಿಗೆ ಹೇಳೋಣವೆಂದರೆ, ಬಾಣಂತಿ ಕಣ್ಣಿಗೆ ಒಳ್ಳೆಯದಲ್ಲವೆಂದು ಅವಳ ಫೋನನ್ನು ಪೆಟ್ಟಿಗೆಯಲ್ಲಿಟ್ಟಿದ್ದೀಯ. ಅದಕ್ಕೇ ನಮ್ಮೂರು ಹಚ್ಚೊಳ್ಳಿಗೆ ಹೊರಟ ವೆಂಕಣ್ಣನ ಕೈಯಲ್ಲಿ ಈ ಕಾಗದ.

ಹೋದ ತಿಂಗಳು ಕೂಸನ್ನು ನೋಡಲು ಬಂದಾಗ, ನೀನು ಹೊಗೆಗೆ ಹಾಕುವ ದೇವದಾರಿನ ಒಂದು ಚಕ್ಕೆಯನ್ನು ನಾನು ಬಳ್ಳಾರಿಗೆ ತಂದಿದ್ದೆ. ನಾನು ಪಾಠ ಮಾಡುವ ಕಾಲೇಜಿನ ಹುಡುಗಿಯರಿಗೆ ನಮ್ಮವ್ವನ ಬಾಣಂತಿ ಕೋಣೆಯ ಕೆಮಿಸ್ಟ್ರಿ ತೋರಿಸಿ ಮೆರೆಯುವ ಆಸೆ. ಆ ಮರದ ತಿರುಳಿನಲ್ಲಿ ಹಿಮಚಲೀನ್, ಅಟ್ಲಾಂಟೋನ್ ಎಂಬ ಸುವಾಸನೆಯ ಸಂಯುಕ್ತಗಳಿರುತ್ತವೆ. ಹುಳು ಹತ್ತಿರ ಬಾರದಂತೆ ಮರ ತನಗಾಗಿ ತಾನೇ ಮಾಡಿಕೊಳ್ಳುವ ಮದ್ದು ಅದು. ಮೊನ್ನೆ ಲ್ಯಾಬಿನಲ್ಲಿ ಚಕ್ಕೆಯನ್ನು ಪರೀಕ್ಷಿಸುವ ಯಂತ್ರದಲ್ಲಿ ಅವು ಕಂಡಾಗ ಚಪ್ಪಾಳೆ ತಟ್ಟಿದೆ. ಪೂರ್ತಿ ಮುಗಿದ ಮೇಲೆ ಕೂತು ನೋಡಿದರೆ ನ್ಯಾಫ್ತಲೀನ್, ಫಿನಾಂತ್ರೀನ್, ಪೈರೀನ್ ಕೂಡ! ಇವನ್ನು ಯಾವ ಮರವೂ ಮಾಡುವುದಿಲ್ಲ ಅವ್ವ. ಇವು ಕಲ್ಲಿದ್ದಲ ಟಾರಿನವು.

ಮರ ಎಲ್ಲಿಯದೆಂದು ಅಪ್ಪನನ್ನು ಕೇಳಿದೆ. ಅಂಗಡ್ಯಾಗಿನ ಪುಡಿ ಬರೇ ಕಲಬೆರಕಿ, ಇದು ಕುರುಗೋಡಿನ ಗುಜರಿಯವನ ಕಡಿಂದ ತಂದ ಅಸಲಿ ದೇವದಾರು, ರೈಲು ಹಳಿ ಕೆಳಗ ಇದ್ದದ್ದು, ಇಷ್ಟು ವರ್ಷಾದ್ರೂ ಗೆದ್ದಲ ಮುಟ್ಟಿಲ್ಲ ನೋಡವ್ವ ಅಂತ ಹೆಮ್ಮೆಯಿಂದ ಅಂದ. ಹೊಗೆ ನಿಲ್ಲಿಸಪ್ಪ ಎಂದರೆ, ಬಾಣಂತಿ ಕೋಲ್ಯಾಗ ನಾ ಕಾಲಿಡಂಗಿಲ್ಲ, ಅದು ನಿಮ್ಮವ್ವನ ಕಾರಭಾರ ಅಂದ.

ಗೆದ್ದಲು ಮುಟ್ಟದೇ ಇದ್ದದ್ದು ದೇವದಾರಿನ ಗುಣದಿಂದ ಮಾತ್ರ ಅಲ್ಲ. ಹಳಿಯ ಕೆಳಗೆ ಹಾಕುವ ಮುಂಚೆ ಆ ತೊಲೆಗಳಿಗೆ ಟಾರಿನ ಎಣ್ಣೆ ಕುಡಿಸಿದ್ದಾರೆ. ತಿರುಳು ಅದನ್ನು ಸುಲಭವಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ, ಆದರೆ ಬಿರುಕುಗಳಲ್ಲಿ ಇಳಿದಿದೆ. ಕೆಂಡಕ್ಕೆ ಹಾಕಿದರೆ ಅದೂ ಹೊಗೆಯಾಗಿ ಏಳುತ್ತದೆ, ಕೂಸಿನ ಎದೆಗೆ ಅದು ವಿಷ. ತಲೆಗೆ ಎರೆದು, ಕೂದಲು ಆರಲೆಂದು ಕೂಸನ್ನು ಅದರ ಮೇಲೆಯೇ ಹಿಡಿಯುತ್ತೀಯ!

ನಿನ್ನ ಮೇಲೆ ಸಿಟ್ಟಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಆ ಕೂಸನ್ನು ನಿನ್ನಷ್ಟು ಮುದ್ದಿಸುವವರು ಬೇರೆ ಯಾರೂ ಇಲ್ಲವೆಂದೂ ಗೊತ್ತು. ನಾಳೆಯೇ ಸಿರುಗುಪ್ಪದ ಮಕ್ಕಳ ಡಾಕ್ಟರಿಗೆ ತೋರಿಸು. ಹೊಗೆಯ ವಿಷಯ ಮುಚ್ಚಿಡಬೇಡ. ಉಳಿದ ಮರವನ್ನು ನೀರೊಲೆಗೂ ಹಾಕಬೇಡ.

ನಿನ್ನ ಮಗಳು,
ಶಾಂಭವಿ

ತಾ.ಕ.: ನಾನೇ ಬಸ್ಸು ಹತ್ತಿ ಬರಬೇಕಿತ್ತು. ಇದನ್ನು ಆಸ್ಪತ್ರೆಯಲ್ಲಿ, ನನ್ನ ಮಗಳು ಅಕ್ಷತಾಳ ಮಂಚದ ಮೇಲೆ ಕೂತು ಬರೆಯುತ್ತಿದ್ದೇನೆ. ನಿನ್ನೆ ಸಂಜೆಯಿಂದ ಮಗುವಿಗೆ ಮತ್ತೆ ಉಬ್ಬಸ. ಹುಟ್ಟಿದ ಹೊಸತರಲ್ಲಿ ಹೊಗೆ ಹಾಕಿದ್ದಿರಾ ಎಂದು ಡಾಕ್ಟರು ಹಿಂದೆಯೇ ಕೇಳಿದ್ದರು. ನನ್ನ ಬಾಣಂತನದಲ್ಲಿ ಅವ್ವ ಹಾಕಿದ್ದು ಬರೀ ದೇವದಾರು ಎಂದಿದ್ದೆ. ಅಪ್ಪ ಆ ತೊಲೆ ತಂದದ್ದು ಯಾವ ವರ್ಷವೆಂದು ಕೇಳುವ ಧೈರ್ಯವಾಗಲಿಲ್ಲ. ಊರಿನಲ್ಲಿ ಅವಳನ್ನು ತೊಟ್ಟಿಲಿಗೆ ಹಾಕಿದ ದಿನದ ಫೋಟೋ ಈಗ ತೆಗೆದು ನೋಡಿದೆ. ನಿನ್ನ ಹಿಂದೆ ಗೋಡೆಗೆ ಆ ತೊಲೆ ಒರಗಿದೆ ಅವ್ವ. ಅದರ ಒಂದು ತುದಿಯಿಂದ ಆಗಲೇ ಚಕ್ಕೆ ಕಡಿದಾಗಿದೆ.