ನಡುವಿನಿಂದ ಕೊಯ್ದ ಹುಲ್ಲುಗಾವಲು

ಯಾರ್ಕ್‌ಷೈರ್, ಜುಲೈ

ಅಪ್ಪಾ,

ನೀನು ತೀರಿಹೋದ ಮೇಲೆ ಇದು ಮೊದಲ ಹುಲ್ಲು ಕೊಯ್ಲು. ನಿನ್ನ ಹಳೇ ಟೋಪಿ ಹಾಕಿಕೊಂಡು, ನಿನ್ನ ಹಾಗೆಯೇ ಹುಲ್ಲುಗಾವಲಿನ ನಡುವಿನಿಂದ ಶುರುಮಾಡಿ, ಟ್ರ್ಯಾಕ್ಟರನ್ನು ಸುತ್ತಿಸುತ್ತ ಅಂಚಿಗೆ ಬಂದೆ.

ಪಕ್ಕದ ಹೊಲದ ವಿಲ್ಫ್ರೆಡ್ ಮಾಮ ಕಲ್ಲುಗೋಡೆಯಾಚೆ ನಿಂತು ನಗುತ್ತಿದ್ದ.

"ಏನೇ ಈಡಿತ್, ನಿಮ್ಮಪ್ಪನ ಹುಚ್ಚು ನಿಂಗೂ ಅಂಟ್ಕೊಂತಾ? ಸುಮ್ನೆ ಡೀಸೆಲ್ ದಂಡ!"

"ಅಂಚಿಂದ ಕೊಯ್ದ್ರೆ ಹಕ್ಕಿ ಮರಿಗಳು ನಡುವೆ ಸಿಕ್ಕಾಕ್ಕೊಂಡು ಸಾಯ್ತವೆ, ಮಾಮ."

"ಯಾವ ಮರಿ? ಎಲ್ಲಿದಾವೆ ತೋರ್ಸು!"

ಅಷ್ಟರಲ್ಲಿ ಅಂಚಿನ ಹುಲ್ಲು ಅಲುಗಿತು. ಬಾಗಿದ ಕೊಕ್ಕಿನ ಕರ್ಲ್ಯೂ ಹಕ್ಕಿಯೊಂದು ಕೂಗುತ್ತ ಹೊರಬಂತು. ಹಿಂದೆಯೇ ಉದ್ದ ಕಾಲಿನ ಮೂರು ಮರಿಗಳು. ಕುರಿಗಳು ನುಸುಳುವ ಗೋಡೆಯ ಕಂಡಿಯಲ್ಲಿ ತೂರಿ, ಮಾಮನ ಬೂಟಿನ ಪಕ್ಕದಲ್ಲೇ ಹಾದು, ಇನ್ನೂ ಕೊಯ್ಯದ ಅವನ ಹುಲ್ಲಿನೊಳಗೆ ಮರೆಯಾದವು.

ಮಾಮನ ನಗು ನಿಂತಿತು. "ನಮ್ ಕಡೆ ಇವು ಕೂಗಿ ಎಷ್ಟು ವರ್ಷ ಆಗಿತ್ತೋ," ಎಂದು ಮನೆಗೆ ಹೋದ.

ಸಂಜೆ ಅವನ ಟ್ರ್ಯಾಕ್ಟರಿನ ಸದ್ದು ಕೇಳಿತು. ಗೋಡೆಯ ಹತ್ತಿರ ಓಡಿದೆ. ಅವನು ಹೊಲದ ನಡುವಿನಿಂದ ಕೊಯ್ಯುತ್ತಿದ್ದ.

ನನ್ನನ್ನು ಕಂಡು ದೂರದಿಂದಲೇ ಕೈಯೆತ್ತಿದ. ನಿನ್ನ ಟೋಪಿ ತೆಗೆದು ನಾನೂ ಎತ್ತಿ ಹಿಡಿದೆ. ಅವನು ಕೈಯೆತ್ತಿದ್ದು ನನಗಲ್ಲ, ಅಪ್ಪಾ.

ನಿನ್ನ ಈಡಿತ್