ಎಳೆದರೂ ಬಿಗಿಯದ ಗಂಟು

ಅಪ್ಪಾ,

ಹಸು ಎಷ್ಟೇ ಎಳೆದರೂ ಕೊರಳಿಗೆ ಬಿಗಿಯದ ನಿನ್ನ ಆ ಗಂಟು, ನೀನು ಹೋದ ಮೇಲೆ ಧನಗೆರೆಯಲ್ಲಿ ಯಾರಿಗೂ ಹಾಕಲು ಬರಲಿಲ್ಲ. ಮೊನ್ನೆ ಹಸು ಕರು ಹಾಕಿತು. ತಾಯಿಯ ಕೊರಳಲ್ಲಿ ಉಳಿದಿರುವ ನಿನ್ನ ಗಂಟನ್ನು ಬಿಚ್ಚಿ ನೋಡಲು ಮನಸ್ಸಾಗದೆ, ಅದರ ಫೋಟೊ ಹಾಕಿ, ಹಾಕುವುದು ಹೇಗೆಂದು ಫೇಸ್‌ಬುಕ್ಕಿನಲ್ಲಿ ಕೇಳಿದೆ. ನಿನ್ನ ಹೆಸರು ಬರೆದಿರಲಿಲ್ಲ.

ಮಾರ್ಟಳ್ಳಿಯಿಂದ ಗುರುತಿಲ್ಲದ ಹೆಂಗಸೊಬ್ಬರು ವಿಡಿಯೊ ಕಳಿಸಿದರು. "ಇದು ಧನಗೆರೆ ಸದಾಶಿವಪ್ಪೋರ ಗಂಟು ಕಣವ್ವ. ನಾನು ಚಿಕ್ಕೋಳಿದ್ದಾಗ ಸಂತೇಲಿ ಕಲ್ಸಿಕೊಟ್ರು," ಎನ್ನುತ್ತಾ ಹಗ್ಗ ಸುತ್ತಿದರು. ಕೊನೆಗೆ ಗಂಟನ್ನು ಥೇಟ್ ನಿನ್ನ ಹಾಗೆಯೇ ಹೆಬ್ಬೆರಳಿನಿಂದ ಒಮ್ಮೆ ಸವರಿದರು!

ಕರುವಿಗೆ ನಾನೇ ಗಂಟು ಹಾಕಿದೆ.

"ಬಾ ಮಗಾ, ಒಂದ್ ಗಳ್ಗೆ ನೋಡು," ಎಂದು ನೀನು ಕೊಟ್ಟಿಗೆಯಿಂದ ಕರೆಯುತ್ತಿದ್ದಾಗಲೂ ನನ್ನ ಕೈಯಲ್ಲಿದ್ದದ್ದು ಇದೇ ಫೋನು.