ಹೊಳೆಗೆ ಕಾಲಿಡುವ ಮಾತು

೧೩ ನವೆಂಬರ್ ೧೯೨೬, ಶನಿವಾರ. ಅನಗೋಳ.

ಮಾನ್ಯ ಸಭಿಕರೇ, ತಾಯಂದಿರೇ, ಮುಂದೆ ನೆಲದ ಮೇಲೆ ಕುಳಿತ ಮಹಾರಾಯರೇ! ಯಾರೂ ಇಲ್ಲ, ಗೊತ್ತು. ನಾಟಕ ಕಂಪನಿಯಲ್ಲಿ ಪಾರ್ಟು ಮಾಡಿ ಪಳಗಿದ ಬಾಯಿ, ಹೀಗೆ ಕೂಗದೆ ನನಗೆ ಒಂದು ಸಾಲೂ ಬರೆಯಲು ಬಾರದು. ಅದೇ ಸಂಕಟ.

ನಾಳೆ ಸಂಜೆ ಬೆಳಗಾವಿಯ ಸಭೆಯಲ್ಲಿ ನನ್ನ ಕವಿತೆ ಓದಬೇಕು. ಉಳವಪ್ಪ ಮಾಸ್ತರರು ಕಲಿಸಿದ ಇಂಗ್ಲಿಷ್ ಕವಿಗಳು ಬೆಟ್ಟದಲ್ಲಿ, ತೊರೆಯಲ್ಲಿ ದೇವರ ಉಸಿರು ಕೇಳಿದವರು. ಅವರ ದಾರಿ ಹಿಡಿದು ನಾನೂ ಖಾನಾಪುರದ ಮಲಪ್ರಭೆಯನ್ನು, ದಂಡೆಯಲ್ಲಿ ನಿಂತ ಅವ್ವನನ್ನು ಬರೆದೆ. ಅವ್ವ ತೀರಿ ಹದಿನೆಂಟು ವರ್ಷ.

ಇಂದು ಅಕ್ಕ ಗೌರವ್ವನ ಮುಂದೆ ಓದಿದೆ. "ಹೇ ಜಗಜ್ಜನನಿ! ಹೇ ತರಂಗಿಣಿ!" ಎಂದು ಅವ್ವ ಹೊಳೆಯನ್ನು ಕರೆಯುವಲ್ಲಿ ಕೈ ತಾನೇ ಮೇಲೆದ್ದಿತು.

ಅಕ್ಕ ನಕ್ಕಳು. "ಸಾಕು ಮಾಡೋ ತಮ್ಮಾ, ಬಾಜೂ ಮನಿಯವ್ರು ಓಡಿ ಬಂದಾರು! ಇಕಿ ನಮ್ಮವ್ವ ಅಲ್ಲ, ನಿಮ್ಮ ನಾಟಕ ಕಂಪನಿ ರಾಣಿ."

"ಹಂಗಾದ್ರ ಅವ್ವ ಏನಂತಿದ್ಲು?"

"ನೀರು ಮುಟ್ಟಿ ಕಣ್ಣಿಗೆ ಹಚ್ಕೊಂಡು, 'ಕಾಲಿಡತೀನವ್ವಾ, ಸಿಟ್ಟಾಗಬ್ಯಾಡ' ಅಂತಿದ್ಲು. ಅದೂ ಪಕ್ಕದಾಗ ನಿಂತವ್ರಿಗೆ ಕೇಳಬಾರದು, ಅಷ್ಟು ಸಣ್ಣಗ."

ಅವ್ವನ ದನಿಯೇ ನನಗೆ ನೆನಪಿಲ್ಲ. ಇಷ್ಟು ವರ್ಷ ನನ್ನೊಳಗೆ ಮಾತಾಡುತ್ತಿದ್ದವಳು ಬಣ್ಣ ಹಚ್ಚಿಕೊಂಡ ಬೇರೆ ಯಾರೋ. ನನ್ನ ಸಾಲುಗಳನ್ನು ಹೊಡೆದುಹಾಕಿ ಅಕ್ಕ ಹೇಳಿದ್ದನ್ನು ಬರೆದೆ. ಹತ್ತು ಸಲ ಓದಿದೆ, ಹತ್ತೂ ಸಲ ಗುಡುಗು. ನಾಳೆ ಸಭೆಯಲ್ಲಿ ಅದನ್ನೂ ಗುಡುಗಿದರೆ ಅವ್ವ ನನಗೆ ಇನ್ನು ಸಿಗಳು.

ಬೆಳಿಗ್ಗೆ ಮೊದಲ ರೈಲಿಗೆ ಖಾನಾಪುರಕ್ಕೆ ಹೋಗುತ್ತೇನೆ. ಹೊಳೆಗೆ ಕಾಲಿಡುವ ಮೊದಲು ಬಾಗಿ, ನೀರಿಗಷ್ಟೇ ಕೇಳುವಂತೆ ಹೇಳಿ ನೋಡುತ್ತೇನೆ. ಆ ಸಣ್ಣ ದನಿ ಬಂದರೆ ಬಂತು, ಬಾರದಿದ್ದರೆ ಸಂಜೆ ಸಭೆಯಲ್ಲಿ ಅವ್ವನ ಆ ಮಾತನ್ನು ಓದದೆ ಬಿಡುತ್ತೇನೆ.